ಮೇಲಿನ ಬ್ರೇಕ್ ಲೈಟ್ ಉರಿಯುತ್ತೆ, ಕೆಳಗಿನ ಎರಡೂ ಉರಿಯಲ್ಲ. ಸ್ವಿಚ್ ಬದಲಿಸಬೇಕಾ?

ವಾಕಡ್_ಸವಾರ (ಪುಣೆ)

ಗಾಡಿ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್. ಬ್ರೇಕ್ ತುಳಿದರೆ ಡಿಕ್ಕಿ ಬಾಗಿಲ ಮೇಲಿರುವ ಮೂರನೇ ಲೈಟ್ ಸರಿಯಾಗಿ ಉರಿಯುತ್ತೆ. ಕೆಳಗಡೆ ಎಡ, ಬಲ ಎರಡೂ ಇಲ್ಲ.

ಇಲ್ಲಿವರೆಗೆ ನೋಡಿದ್ದು: ಫ್ಯೂಸ್ 15 ಆಂಪಿಯರ್‌ನ ನೀಲಿ ಬಣ್ಣದ್ದು, ಸುಟ್ಟಿಲ್ಲ. ಆದರೂ ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಪಾರ್ಕಿಂಗ್ ಲೈಟ್ ಹಾಕಿದರೆ ಬಲಗಡೆ ಟೇಲ್ ಚೆನ್ನಾಗಿದೆ, ಎಡಗಡೆಯದು ಮಂಕು. ಮಂಕಾಗಿದೆಯಲ್ಲ ಅಂತ ಎಡಗಡೆ ಬಲ್ಬ್ ಹೊಸದು ಹಾಕಿದೆ (ಎರಡು ಫಿಲಮೆಂಟಿನ 21/5 ವ್ಯಾಟ್), ಅದೂ ಹಾಗೇ ಇದೆ. ಬಲಗಡೆ ಬಲ್ಬ್ ಮುಟ್ಟಿಲ್ಲ. ಟೇಲ್ ಉರಿಯುತ್ತಿದೆ ಅಂದಮೇಲೆ ಬಲ್ಬ್ ಸರಿ ಇದೆ ಅಂತಲೇ ಅಲ್ವಾ?

ತಲೆ ಕೆಡಿಸಿದ್ದು ಇದು: ಎಡ ಹೋಲ್ಡರಿನಿಂದ ಬಲ್ಬ್ ತೆಗೆದು, ಒಬ್ಬರಿಂದ ಬ್ರೇಕ್ ಒತ್ತಿಸಿ ಮಲ್ಟಿಮೀಟರ್ ಹಿಡಿದರೆ 12.3 ವೋಲ್ಟ್ ತೋರಿಸುತ್ತೆ. ಬಲ್ಬ್ ಹಾಕಿದ ತಕ್ಷಣ ಉರಿಯಲ್ಲ, ಒಳಗಿನ ತಂತಿ ಕೆಂಪಗಾಯಿತೋ ಇಲ್ಲವೋ ಅನ್ನುವಷ್ಟು ಮಾತ್ರ. ಜೊತೆಗೆ ಬ್ರೇಕ್ ತುಳಿದಾಗ ಎಡಗಡೆ ಇಂಡಿಕೇಟರ್ ತಾನಾಗೇ ಮಂದವಾಗಿ ಹತ್ತಿಕೊಳ್ಳುತ್ತೆ.

ಗ್ಯಾರೇಜಿನವರು "ಎರಡು ಬಲ್ಬ್ ಒಟ್ಟಿಗೆ ಹೋಗಲ್ಲ, ಬ್ರೇಕ್ ಸ್ವಿಚ್ ಹೋಗಿದೆ, ಬದಲಿಸೋಣ" ಅಂತಿದ್ದಾರೆ. ಶನಿವಾರ ಬೆಳಗಾವಿಗೆ ಹೊರಡಬೇಕು. ಬ್ರೇಕ್ ಲೈಟ್ ಇಲ್ಲದೆ, ಬೆನ್ನ ಹಿಂದೆ ಲಾರಿ ಇಟ್ಟುಕೊಂಡು ಘಾಟಿ ದಾಟುವ ಧೈರ್ಯ ಇಲ್ಲ. ಸ್ವಿಚ್ಚೇನಾ?

ಡೊಂಬಿವಲಿ_ವೈರಿಂಗ್

ಸ್ವಿಚ್ಚಿಗೆ ದುಡ್ಡು ಹಾಕಬೇಡಿ ಮಾರಾಯ್ರೆ, ಸದ್ಯಕ್ಕಂತೂ ಬೇಡ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಪೆಡಲ್ ಮೇಲಿನ ಸ್ವಿಚ್, ಅಲ್ಲಿಂದ ಒಂದೇ ವೈರು ಹಿಂದಕ್ಕೆ ಬಂದು ಮೂರು ಕವಲಾಗುವುದು ನಿಮ್ಮ ಕಾಲದ ಹೆಚ್ಚಿನ ಗಾಡಿಗಳ ಕ್ರಮ. ಮೇಲಿನ ಲೈಟಿಗೆ ಕರೆಂಟ್ ಮುಟ್ಟಿದೆ ಅಂದರೆ ಫ್ಯೂಸು, ಸ್ವಿಚ್ಚು, ಉದ್ದದ ವೈರು ಇಷ್ಟನ್ನೂ ದಾಟಿಯೇ ಬಂದಿದೆ. ತೊಂದರೆ ಕವಲಿನ ಈಚೆಗೆ, ಲೈಟಿನ ಹತ್ತಿರ ಉಂಟು.

ಎರಡು ಒಟ್ಟಿಗೆ ಹೋಗುವುದಿಲ್ಲ ಎನ್ನುವ ಮಾತು ಸರಿಯೇ. ಒಟ್ಟಿಗೆ ಹೋಗಿಲ್ಲ. ಒಂದು ಯಾವಾಗಲೋ ಹೋಗಿರುತ್ತದೆ, ಓಡಿಸುವವರಿಗೆ ತಮ್ಮ ಬೆನ್ನು ಕಾಣುವುದಿಲ್ಲವಲ್ಲ. ಎರಡನೆಯದೂ ಹೋದ ಮೇಲೆ ಸಿಗ್ನಲಿನಲ್ಲಿ ಯಾರೋ ಕೂಗಿ ಹೇಳಿದಾಗ ಗೊತ್ತಾಗುವುದು. ನೀವು ಬರೆದದ್ದನ್ನು ನೋಡಿದರೆ ಎಡಕ್ಕೆ ಒಂದು ಕಾಯಿಲೆ, ಬಲಕ್ಕೆ ಬೇರೆಯೇ ಕಾಯಿಲೆ.

ಬಲಗಡೆಯದು ಸುಲಭ, ಅದನ್ನು ಮೊದಲು ಮುಗಿಸಿ. 21/5 ಅಂದರೆ ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, 5 ವ್ಯಾಟಿನದು ಟೇಲಿಗೆ, 21 ವ್ಯಾಟಿನದು ಬ್ರೇಕಿಗೆ. ಒಂದು ಉರಿದರೆ ಇನ್ನೊಂದೂ ಸರಿ ಇದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಬಲ್ಬನ್ನು ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ ತೆಗೆಯಿರಿ. ಮೀಟರನ್ನು ಓಮಿಗೆ ಇಟ್ಟು ಒಂದು ಕಡ್ಡಿ ಬಲ್ಬಿನ ಪಕ್ಕದ ಹಿತ್ತಾಳೆಗೆ, ಇನ್ನೊಂದು ಕಡ್ಡಿ ಬುಡದ ಎರಡು ಸೀಸದ ಚುಕ್ಕಿಗಳಿಗೆ ಒಂದಾದ ಮೇಲೊಂದು ಮುಟ್ಟಿಸಿ. ದಪ್ಪ ಫಿಲಮೆಂಟ್ ತಣ್ಣಗಿದ್ದಾಗ 1 ಓಮಿಗಿಂತ ಕಡಿಮೆ ತೋರಿಸಬೇಕು, ಸಪೂರದ್ದು 2ರಿಂದ 4 ಓಮ್. ಒಂದು ಚುಕ್ಕಿಗೆ ಏನೂ ಬರಲಿಲ್ಲ ಅಂದರೆ ಬ್ರೇಕಿನ ಫಿಲಮೆಂಟ್ ತುಂಡಾಗಿದೆ. ಸೂಜಿಗಣ್ಣಿನವರಿಗೆ ಬೆಳಕಿಗೆ ಹಿಡಿದರೇ ಕಾಣುತ್ತದೆ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬುಡದಲ್ಲಿ ಎರಡು ಚುಕ್ಕಿ ಇರಬೇಕು, ಪಕ್ಕದ ಎರಡು ಮೊಳೆಗಳು ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ ಇರಬೇಕು. ಡಬ್ಬದ ಮೇಲೆ 1157 ಅಂತಲೋ ಪಿ21/5ಡಬ್ಲ್ಯು ಅಂತಲೋ ಇರುತ್ತದೆ. ಒಂದೇ ಚುಕ್ಕಿಯ ಬರೀ 21 ವ್ಯಾಟಿನದು ನೋಡಲು ಇದರ ಅವಳಿಯ ಹಾಗೆಯೇ ಇದೆ. ಅದನ್ನು ಬಲವಂತದಿಂದ ತುರುಕಿದರೆ ಆ ಒಂದು ಚುಕ್ಕಿಯೇ ಹೋಲ್ಡರಿನ ಎರಡೂ ಸ್ಪ್ರಿಂಗುಗಳಿಗೆ ತಾಗಿ ಟೇಲಿನ ವೈರು, ಬ್ರೇಕಿನ ವೈರು ಸೇರಿಹೋಗುತ್ತವೆ. ಆಮೇಲೆ ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ಬೆಳಕು ಸಮೇತ ಎಲ್ಲ ಪಾರ್ಕಿಂಗ್ ಲೈಟೂ ಹತ್ತುತ್ತವೆ, ಪಾರ್ಕಿಂಗ್ ಹಾಕಿದರೆ ಬ್ರೇಕ್ ಲೈಟು ಆರುವುದೇ ಇಲ್ಲ. ಫಿಲಮೆಂಟ್ ಕಡಿದು ಇನ್ನೊಂದರ ಮೇಲೆ ಬಿದ್ದರೂ ಇದೇ ಆಟ.

ಇನ್ನು ಎಡಗಡೆ. ಅದು ಅರ್ಥಿಂಗ್ ತೊಂದರೆ, ಅಂದರೆ ಬಲ್ಬು ದಾಟಿದ ಕರೆಂಟು ಗಾಡಿಯ ಬಾಡಿಗೆ ವಾಪಸು ಹೋಗುವ ದಾರಿ ಕೆಟ್ಟಿದೆ, ನೂರಕ್ಕೆ ನೂರು. ಇಂಡಿಕೇಟರೇ ಸಾಕ್ಷಿ. ಟೇಲ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಎಲ್ಲಕ್ಕೂ ಸೇರಿ ಆ ಲ್ಯಾಂಪಿನಿಂದ ಹೊರಡುವ ಅರ್ಥಿಂಗ್ ವೈರು ಒಂದೇ, ಸಾಮಾನ್ಯವಾಗಿ ಕಪ್ಪು. ಅದು ಕೈಕೊಟ್ಟಾಗ ಬ್ರೇಕ್ ಫಿಲಮೆಂಟ್ ದಾಟಿದ ಕರೆಂಟಿಗೆ ಹೋಗಲು ದಾರಿ ಬೇಕಲ್ಲ. ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಂದುಮುಂದಾಗಿ ನುಗ್ಗಿ, ಅದರ ವೈರು ಹಿಡಿದು ಮುಂದಿನ ಎಡ ಇಂಡಿಕೇಟರಿಗೆ ಹೋಗಿ, ಅಲ್ಲಿನ ಅರ್ಥಿಂಗಿನಲ್ಲಿ ಇಳಿಯುತ್ತದೆ. 12 ವೋಲ್ಟನ್ನು ಮೂರು ಬಲ್ಬು ಹಂಚಿಕೊಂಡರೆ ಒಂದಕ್ಕೂ ಹೊಟ್ಟೆ ತುಂಬುವುದಿಲ್ಲ. ಒಂದು ಕೆಲಸ ಮಾಡಿ ನೋಡಿ: ಪಾರ್ಕಿಂಗ್ ಹಾಕಿಟ್ಟು ಬ್ರೇಕ್ ತುಳಿಯಿರಿ. ಎಡ ಟೇಲ್ ಮೊದಲಿಗಿಂತಲೂ ಮಂಕಾದರೆ ನನ್ನ ಮಾತು ಸರಿ.

ಹಾಗಾದರೆ ಮೀಟರ್ 12.3 ಯಾಕೆ ತೋರಿಸಿತು? ಡಿಜಿಟಲ್ ಮೀಟರಿನ ಒಳಗಿನ ತಡೆ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಕುಡಿಯುವ ಕರೆಂಟು ಇಲ್ಲವೆನ್ನುವಷ್ಟು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ತುಕ್ಕು 50 ಓಮ್ ತಡೆ ಒಡ್ಡಿದರೂ ಮೀಟರಿಗೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. 21 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ, ಉರಿಯುವಾಗ ಅದರ ತಡೆ ಸುಮಾರು 7 ಓಮ್. ದಾರಿಯಲ್ಲಿ 50 ಓಮ್ ಕೂತಿದ್ದರೆ ಬಲ್ಬಿಗೆ ಸಿಗುವುದು ಚಿಲ್ಲರೆ. ಬಲ್ಬ್ ತೆಗೆದು ಅಳೆಯುವುದೆಂದರೆ ಖಾಲಿ ಗಾಡಿ ಓಡಿಸಿ ಲೋಡ್ ಎಳೆಯುತ್ತದೆ ಅಂತ ಹೇಳಿದ ಹಾಗೆ.

ಆದ್ದರಿಂದ ಬಲ್ಬ್ ಹಾಕಿಯೇ ಅಳೆಯಿರಿ. ಹ್ಯಾಂಡ್‌ಬ್ರೇಕ್ ಎಳೆದು, ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಸೀಟನ್ನು ಮುಂದೆ ತಳ್ಳಿದರೆ ಸಹಾಯಕ್ಕೆ ಜನ ಬೇಡ. ಲ್ಯಾಂಪ್ ಹೊರಗೆ ತೆಗೆಯಿರಿ, ಕಪ್ಲರ್ (ಲ್ಯಾಂಪಿಗೆ ವೈರುಗಳು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಬೇಡಿ. ಮೀಟರ್ 20 ವೋಲ್ಟ್ ಡಿಸಿಗೆ. ಕಪ್ಪು ಕಡ್ಡಿಯನ್ನು ಡಿಕ್ಕಿ ಲಾಕಿನ ಬೋಲ್ಟಿಗೆ, ಪೇಂಟ್ ಇಲ್ಲದ ಕಬ್ಬಿಣಕ್ಕೆ ಒತ್ತಿ. ಕೆಂಪು ಕಡ್ಡಿಯನ್ನು ಹೋಲ್ಡರಿನ ಅರ್ಥಿಂಗ್ ಪಟ್ಟಿಗೆ. 0.1 ವೋಲ್ಟಿನ ಒಳಗಿದ್ದರೆ ಉತ್ತಮ, 0.2 ನಡೆಯುತ್ತದೆ, ಅದಕ್ಕಿಂತ ಮೇಲೆ ಎಷ್ಟು ತೋರಿಸುತ್ತದೋ ಅಷ್ಟನ್ನು ಅರ್ಥಿಂಗ್ ನುಂಗುತ್ತಿದೆ. ನಿಮ್ಮದು 5ರ ಮೇಲೆ ಬರುತ್ತದೆ, ನೋಡಿ. ಆಮೇಲೆ ಕೆಂಪು ಕಡ್ಡಿ ಬ್ರೇಕಿನ ಪ್ಲಸ್ ಚುಕ್ಕಿಗೆ: ಬ್ಯಾಟರಿಯಲ್ಲಿರುವುದಕ್ಕಿಂತ ಅರ್ಧ ವೋಲ್ಟ್ ಕಡಿಮೆಯಾದರೆ ಅಡ್ಡಿ ಇಲ್ಲ.

ಮೀಟರ್ ಇಲ್ಲದವರಿಗೆ ಇನ್ನೂ ಸುಲಭ: ಒಂದು ಮೊಳ ವೈರಿನ ಒಂದು ತುದಿ ಬಾಡಿ ಬೋಲ್ಟಿಗೆ, ಇನ್ನೊಂದು ತುದಿ ಹೋಲ್ಡರಿನ ಅರ್ಥಿಂಗ್ ಪಟ್ಟಿಗೆ. ಲೈಟು ಭಗ್ ಅಂತ ಹತ್ತಿದರೆ ಮುಗಿಯಿತು. ಪ್ಲಸ್ಸಿಗೆ ತಾಗಿಸಬೇಡಿ, ಫ್ಯೂಸ್ ಹಾರುತ್ತದೆ.

ಕೋಥ್ರೂಡ್_ರೈಡರ್

ಇಷ್ಟೆಲ್ಲ ಯಾಕೆ? ಮೂರನೇ ಲೈಟಿಗೆ ಕರೆಂಟ್ ಬರ್ತಿದೆಯಲ್ಲ, ಅಲ್ಲಿಂದ ಒಂದು ವೈರ್ ಕೆಳಗೆ ಎಳೆದು ಎರಡಕ್ಕೂ ಎಲ್‌ಇಡಿ ಬಲ್ಬ್ ಹಾಕಿಬಿಡಿ. ಎಲ್‌ಇಡಿಗೆ ಕರೆಂಟ್ ಕಡಿಮೆ ಸಾಕು, ಅರ್ಥಿಂಗ್ ಸ್ವಲ್ಪ ಹಾಳಾಗಿದ್ದರೂ ಉರಿಯುತ್ತೆ. ಹತ್ತೋದೂ ಬೇಗ.

ಡೊಂಬಿವಲಿ_ವೈರಿಂಗ್

ಬೇಗ ಹತ್ತುವುದು ನಿಜ. ಫಿಲಮೆಂಟ್ ಕಾದು ಪೂರ್ತಿ ಬೆಳಕು ಕೊಡಲು ಸುಮಾರು 0.2 ಸೆಕೆಂಡ್ ಬೇಕು. ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹೋಗುವವರಿಗೆ ಅದು ಐದೂವರೆ ಮೀಟರ್ ದೂರ. ಉಳಿದದ್ದನ್ನು ಒಪ್ಪುವುದು ಕಷ್ಟ. ಪ್ಲಸ್ ಕಡೆ ತೊಂದರೆಯೇ ಇಲ್ಲದಾಗ ಪ್ಲಸ್ ವೈರು ಎಳೆದು ಏನು ಪ್ರಯೋಜನ? ಕೆಟ್ಟ ಅರ್ಥಿಂಗಿನ ಮೇಲೆ ಎಲ್‌ಇಡಿ ಕೂರಿಸಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ಅದೇ ಲ್ಯಾಂಪಿನ ಇಂಡಿಕೇಟರ್, ರಿವರ್ಸ್ ಆಮೇಲೆ ಒಂದೊಂದಾಗಿ ಕೈಕೊಡುತ್ತವೆ.

ಇನ್ನೊಂದು ಲೆಕ್ಕ: 21/5 ಬಲ್ಬಿನಲ್ಲಿ ಬ್ರೇಕಿನ ಬೆಳಕು 440 ಲ್ಯೂಮೆನ್, ಟೇಲಿನದು 35. ಹನ್ನೆರಡು ಪಟ್ಟು ಅಂತರ. ಅಗ್ಗದ ಎಲ್‌ಇಡಿಯಲ್ಲಿ ಈ ಅಂತರ ತೀರಾ ಕಡಿಮೆ. ರಾತ್ರಿ ಪಾರ್ಕಿಂಗ್ ಹಾಕಿಕೊಂಡು ಹೋಗುವಾಗ ನೀವು ಬ್ರೇಕ್ ತುಳಿದದ್ದು ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ. ಲ್ಯಾಂಪಿನೊಳಗಿನ ಕನ್ನಡಿಯನ್ನು ಫಿಲಮೆಂಟ್ ಇರುವ ಜಾಗಕ್ಕೆ ಅಳತೆ ಮಾಡಿ ಕೂರಿಸಿರುತ್ತಾರೆ, ಎಲ್‌ಇಡಿ ಚಿಪ್ಪು ಇರುವ ಜಾಗವೇ ಬೇರೆ. ಹಾಕಲೇಬೇಕು ಅನ್ನುವ ಹಟ ಇದ್ದರೆ ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ, ಹೊರಗೆ ಗುಲಾಬಿ ಕಾಣುತ್ತದೆ.

ವಾಸ್ಕೋದಿಂದ

ನಮ್ಮ ಕಡೆ ಸಮುದ್ರದ ಗಾಳಿ, ಮ್ಯಾಲೆ ನಾಕು ತಿಂಗಳ ಮಳಿ. ಎಡಗಡೆದು ಅರ್ಥಿಂಗ್ ಅನ್ನೋದ್ರಾಗ ಎರಡು ಮಾತಿಲ್ಲ. ಆದ್ರ ಅದು ಎಲ್ಲೆಲ್ಲಿ ಕೆಡತೈತಿ ಅನ್ನೋದು ಗೊತ್ತಿರಬೇಕ್ರಿ, ಇಲ್ಲಂದ್ರ ಬೋಲ್ಟ್ ಒಂದು ತಿಕ್ಕಿ ಸುಮ್ಮನಾಗತೀರಿ.

ಡಿಕ್ಕಿ ಒಳಗ ಪಕ್ಕದ ಪ್ಲಾಸ್ಟಿಕ್ ಇಲ್ಲಾ ಕಾರ್ಪೆಟ್ ಸರಿಸಿದ್ರ ಕಪ್ಪು ವೈರಿನ ತುದಿಗೆ ಉಂಗುರದಂಥಾ ಟರ್ಮಿನಲ್ ಹಾಕಿ ಬಾಡಿಗೆ ಬೋಲ್ಟ್ ಹೊಡೆದಿರತಾರ. ಬಾಳ ಗಾಡಿಯೊಳಗ 10 ನಂಬರ್ ಪಾನಾ ಹತ್ತತೈತಿ. ಬಿಚ್ಚೋಕಿಂತ ಮೊದಲು ಬ್ಯಾಟರಿ ಮೈನಸ್ ತಗೀರಿ. ಉಂಗುರದ ಎರಡೂ ಮೈ, ಅದರ ಕೆಳಗಿನ ಬಾಡಿ ತಗಡು, ಬೋಲ್ಟಿನ ತಳ ಮೂರನ್ನೂ 120 ನಂಬರಿನ ಪಾಲಿಶ್ ಕಾಗದದಿಂದ ಹೊಳೆಯೋ ಹಂಗ ತಿಕ್ಕರಿ. ಪೇಂಟ್ ಉಳಿದ್ರ ಕರೆಂಟ್ ಹೋಗಂಗಿಲ್ಲ. ಬಿಗಿ ಮಾಡಿದ ಮ್ಯಾಲೆ ಹೊರಗಿನಿಂದ ವ್ಯಾಸಲೀನ್ ಇಲ್ಲಾ ಗ್ರೀಸ್ ಸವರ್ರಿ. ಮೊದಲ ಸವರಿ ಆಮ್ಯಾಲೆ ಬಿಗಿ ಮಾಡಬ್ಯಾಡ್ರಿ.

ಟರ್ಮಿನಲ್ ಹತ್ರ ವೈರಿನ ರಬ್ಬರ್ ಸ್ವಲ್ಪ ಸೀಳಿ ನೋಡ್ರಿ. ಒಳಗ ತಾಮ್ರ ಹಸರಾಗಿದ್ರ ಅದು ಕಿಲುಬು. ಹೊರಗ ವೈರ್ ಚಂದ ಕಾಣತೈತಿ, ಒಳಗ ಎಳಿ ಎಲ್ಲಾ ಹಪ್ಪಳ ಆಗಿರತಾವ. ನೀರು ಎಳಿ ಹಿಡದು ಒಳಗ ಒಳಗ ಏರತೈತಿ, ಅದಕ್ಕ ಕೆಂಪು ತಾಮ್ರ ಕಾಣೋ ತನಕ ಕತ್ತರಿಸಲೇಬೇಕು. ಹೊಸ ತುಂಡು 1 ಚದರ ಮಿಲಿಮೀಟರಿಂದು ಸಾಕು. ತಿರುವಿ ಟೇಪ್ ಸುತ್ತೋದು ಒಂದು ಮಳಿಗಾಲಕ್ಕೂ ತಡಿಯಂಗಿಲ್ಲ. ಕ್ರಿಂಪ್ ಮಾಡಿ (ಟರ್ಮಿನಲ್ ವೈರಿನ ಮ್ಯಾಲೆ ಇಕ್ಕಳದಿಂದ ಒತ್ತಿ ಹಿಡಿಸಿ), ಕಾಸಿದ್ರ ಕುಗ್ಗಿ ಬಿಗಿ ಹಿಡಿಯೋ, ಒಳಗ ಅಂಟಿರೋ ಹೀಟ್ ಶ್ರಿಂಕ್ ಕೊಳವಿ ಏರಿಸಿ ಕಾಸರಿ.

ಇನ್ನ ಹೋಲ್ಡರ್. ಬಲ್ಬಿನ ಸೀಸದ ಚುಕ್ಕಿ ಸವೆದು ಚಪ್ಪಟಿ ಆಗಿದ್ರ, ಕೆಳಗಿನ ಸ್ಪ್ರಿಂಗ್ ಕುಂತಿದ್ರ ಬಲ್ಬ್ ಅಲ್ಲಾಡಿಸಿದಾಗ ಹತ್ತಿ ಆರತೈತಿ. ಫ್ಯೂಸ್ ತಗದು, ಸ್ಪ್ರಿಂಗ್ ಪಟ್ಟಿ ಸೂಜಿಯಿಂದ ಒಂದು ಕೂದಲೆಳಿ ಮ್ಯಾಲೆತ್ತರಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ, ಒಣಗಲಿಕ್ಕೆ ಬಿಡ್ರಿ.

ಲ್ಯಾಂಪಿನೊಳಗ ನೀರು ನಿಂತಿದ್ರ ಹಿಂದಿನ ಸ್ಪಂಜಿನ ಗ್ಯಾಸ್ಕೆಟ್ ಹೋಗಿರತೈತಿ, ಅದನ್ನ ಬದಲಿಸ್ರಿ. ಸುತ್ತಲೂ ಸಿಲಿಕಾನ್ ಬಳಿಯೋರು ಕೆಳಗಿನ ಸಣ್ಣ ತೂತನ್ನೂ ಮುಚ್ಚಿಬಿಡತಾರ. ಅದು ಗಾಳಿ ಆಡಲಿ, ಬಂದ ನೀರು ಇಳೀಲಿ ಅಂತ ಕಂಪನಿಯವರೇ ಇಟ್ಟಿದ್ದು. ಮುಚ್ಚಿದ್ರ ಒಳಗಿನ ಹಬಿ ಹೊರಗ ಹೋಗಾಕ ದಾರಿನ ಇಲ್ಲ.

ಚಿಂಚವಡ_ಎಲೆಕ್ಟ್ರಿಕ್

ಡೊಂಬಿವಲಿಯವರ ಮಾತಿಗೆ ಒಂದು ತಿದ್ದುಪಡಿ ಇದೆ. ಮೂರನೇ ಲೈಟ್ ಉರಿದರೆ ಸ್ವಿಚ್ ಸರಿ ಅನ್ನುವುದು ಆ ಲೈಟ್ ಫಿಲಮೆಂಟಿನದಾಗಿದ್ದರೆ ಮಾತ್ರ ಗಟ್ಟಿ. ಈಗಿನ ಬಹಳ ಗಾಡಿಗಳಲ್ಲಿ ಅದು ಎಲ್‌ಇಡಿ, ಒಂದು ಆಂಪಿಯರಿನ ಸಣ್ಣ ಪಾಲು ಮಾತ್ರ ಎಳೆಯುತ್ತದೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು ಕರಿ ಹಿಡಿದಿದ್ದರೂ ಅಷ್ಟನ್ನು ದಾಟಿಸುತ್ತದೆ, ಕೆಳಗಿನ ಎರಡರ 3.5 ಆಂಪಿಯರ್ ದಾಟಿಸಲು ಆಗುವುದಿಲ್ಲ. ಸವಾರರ ಗಾಡಿಯಲ್ಲಿ ಇಂಡಿಕೇಟರ್ ಹತ್ತುತ್ತಿರುವುದರಿಂದ ಅರ್ಥಿಂಗ್ ಅನ್ನುವುದನ್ನು ಒಪ್ಪುತ್ತೇನೆ. ಆದರೂ ಎರಡೂ ಲೈಟ್ ಸರಿಯಾದ ಮೇಲೆ ಸ್ವಿಚ್ಚನ್ನೂ ಒಮ್ಮೆ ಅಳೆಯಿರಿ: ಪೆಡಲ್ ಒತ್ತಿಟ್ಟು ಸ್ವಿಚ್ಚಿನ ಎರಡು ವೈರುಗಳ ನಡುವೆ ಮೀಟರ್ ಇಟ್ಟರೆ 0.2 ವೋಲ್ಟ್ ದಾಟಬಾರದು. ಬಲ್ಬ್ ಕೆಟ್ಟಿರುವಾಗಲೇ ಅಳೆದರೆ ಲೋಡ್ ಇರುವುದಿಲ್ಲ, ಯಾವ ಸ್ವಿಚ್ಚೂ ಒಳ್ಳೆಯದೇ ಅನ್ನಿಸುತ್ತದೆ.

ಇದನ್ನು ಓದುವ ಬೇರೆಯವರಿಗೆ ಮೂರೂ ಲೈಟ್ ಸತ್ತಿದ್ದರೆ ಆಗ ಫ್ಯೂಸ್, ಸ್ವಿಚ್ ನೋಡಬೇಕು. ಮೊದಲು ಹಾರ್ನ್ ಒತ್ತಿ ನೋಡಿ. ಕೆಲವು ಗಾಡಿಗಳಲ್ಲಿ ಹಾರ್ನ್, ಬ್ರೇಕ್ ಲೈಟ್ ಎರಡಕ್ಕೂ ಒಂದೇ ಫ್ಯೂಸ್, ಹಾರ್ನೂ ಸತ್ತಿದ್ದರೆ ಉತ್ತರ ಸಿಕ್ಕಿತು. ಹೊಸ ಫ್ಯೂಸ್ ಹಾಕಿದೊಡನೆ ಮತ್ತೆ ಹಾರಿದರೆ ದೊಡ್ಡದು ಹಾಕಬೇಡಿ, 10ರ ಕೆಂಪು ಇದ್ದಲ್ಲಿ 20ರ ಹಳದಿ ಹಾಕಿದರೆ ಫ್ಯೂಸಿನ ಬದಲು ವೈರು ಸುಡುತ್ತದೆ. ಮೂರೂ ಲ್ಯಾಂಪಿನ ಕಪ್ಲರ್ ಬಿಚ್ಚಿ, ಒಂದೊಂದೇ ಜೋಡಿಸುತ್ತ ಬ್ರೇಕ್ ಒತ್ತಿ. ಯಾವುದಕ್ಕೆ ಹಾರಿತೋ ಅಲ್ಲಿ ಶಾರ್ಟ್ ಇದೆ. ಆಮೇಲೆ ಹಾಕಿಸಿದ ರಿವರ್ಸ್ ಕ್ಯಾಮೆರಾದ ವೈರನ್ನು ಟೇಲ್ ಲ್ಯಾಂಪಿನ ವೈರಿಗೆ ಕಚ್ಚಿಸಿದ್ದರೆ ಮೊದಲು ಅದನ್ನು ಅನುಮಾನಿಸಿ. ಕೆಳಗಿನ ಎರಡೂ ಸರಿ, ಮೇಲಿನದೊಂದೇ ಇಲ್ಲ ಅಂದರೆ ಡಿಕ್ಕಿ ಬಾಗಿಲಿಗೂ ಬಾಡಿಗೂ ನಡುವಿನ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಸರಿಸಿ ನೋಡಿ. ದಿನಾ ತೆಗೆದು ಹಾಕಿ ಅಲ್ಲಿ ವೈರು ಮಡಚಿ ಮಡಚಿ ತುಂಡಾಗಿರುತ್ತದೆ.

ಸ್ವಿಚ್ ಪೆಡಲಿನ ಮೇಲ್ಭಾಗದಲ್ಲಿ, ಸ್ಟೀರಿಂಗಿನ ಕೆಳಗೆ ಇರುತ್ತದೆ. ಕಾಲು ತೆಗೆದಾಗ ಪೆಡಲ್ ಅದರ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ; ತುಳಿದಾಗ ಕಡ್ಡಿ ಹೊರಬಂದು ಲೈಟ್ ಹತ್ತುತ್ತದೆ. ಎರಡು ಪಿನ್ನಿನದಾದರೆ ಕಪ್ಲರ್ ಬಿಚ್ಚಿ, ಕಪ್ಲರಿನ ಎರಡು ತೂತುಗಳನ್ನು ಒಂದು ವೈರಿನ ತುಂಡಿನಿಂದ ಸೇರಿಸಿ. ಲೈಟ್ ಹತ್ತಿದರೆ ಸ್ವಿಚ್ ಹೋಗಿದೆ. ನಾಲ್ಕು ಪಿನ್ನಿನದಾದರೆ ಹೀಗೆ ಸೇರಿಸಲು ಹೋಗಬೇಡಿ. ಒಂದು ಜೋಡಿ ಲೈಟಿಗೆ, ಇನ್ನೊಂದು ಜೋಡಿ ಎಂಜಿನ್ ಕಂಪ್ಯೂಟರಿಗೆ ಉಲ್ಟಾ ಸಂಕೇತ ಕೊಡುತ್ತದೆ. ಸ್ವಿಚ್ಚನ್ನೇ ಹೊರಗೆ ತೆಗೆದು ಕಡ್ಡಿ ಒತ್ತಿ ಬಿಟ್ಟು ಓಮಿನಲ್ಲಿ ನೋಡಿ. ಎಎಂಟಿ (ಕ್ಲಚ್, ಗೇರ್ ತಾನಾಗೇ ಬದಲಾಗುವ ಮ್ಯಾನುವಲ್), ಆಟೋಮ್ಯಾಟಿಕ್, ಬಟನ್ ಸ್ಟಾರ್ಟ್ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಸಂಕೇತ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗದು, ಆಟೋಮ್ಯಾಟಿಕ್ ಲಿವರ್ ಪಿ ಬಿಟ್ಟು ಕದಲದು. ಅಂಥವರು ಬ್ಯಾಟರಿ, ಸ್ಟಾರ್ಟರ್ ಅಂತ ಓಡಾಡುವ ಮೊದಲು ಹಿಂದೆ ಬ್ರೇಕ್ ಲೈಟ್ ಹತ್ತುತ್ತದೆಯೇ ಅಂತ ನೋಡಲಿ.

ಸ್ಕ್ರೂ ಇರುವ ಸ್ವಿಚ್ಚಾದರೆ ಪೆಡಲಿಗೂ ಸ್ವಿಚ್ಚಿನ ಮೂತಿಗೂ 1ರಿಂದ 2 ಮಿಲಿಮೀಟರ್ ಸಂದು ಸಾಮಾನ್ಯ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಳತೆಯೇ ಅಂತಿಮ. ಹೆಚ್ಚು ಸಂದು ಬಿಟ್ಟರೆ ಲೈಟ್ ಆರುವುದಿಲ್ಲ. ತೀರಾ ಒತ್ತಿ ಕೂರಿಸಿದರೆ ಪೆಡಲ್ ಪೂರ್ತಿ ಮೇಲೆ ಬರದೆ ಬ್ರೇಕ್ ಸದಾ ಹಿಡಿದೇ ಇರುತ್ತದೆ, ಅದು ಲೈಟಿಗಿಂತ ದೊಡ್ಡ ಅನಾಹುತ.

ಲೈಟ್ ಆರುವುದೇ ಇಲ್ಲ ಅನ್ನುವ ದೂರಿಗೆ ಹಳೆಯ ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಕಾರಣ ಒಂದು ಪ್ಲಾಸ್ಟಿಕ್ ಗುಂಡಿ. ಪೆಡಲಿನ ತಗಡಿನಲ್ಲಿ ಒಂದು ತೂತು, ಅದಕ್ಕೆ ಗುಂಡಿ ಸಿಕ್ಕಿಸಿರುತ್ತಾರೆ, ಸ್ವಿಚ್ಚಿನ ಕಡ್ಡಿ ಅದಕ್ಕೆ ಒರಗಬೇಕು. ಗುಂಡಿ ಒಣಗಿ ಪುಡಿಯಾದರೆ ಕಡ್ಡಿ ತೂತಿನೊಳಗೆ ನುಗ್ಗುತ್ತದೆ, ಕಾಲು ಇಟ್ಟಿದ್ದಾರೆ ಅಂತ ಗಾಡಿ ಅಂದುಕೊಳ್ಳುತ್ತದೆ. ಚಾಲಕರ ಮ್ಯಾಟಿನ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದ್ದರೆ ಇದೇ. ಮೂರೂ ಲೈಟ್ ಸೇರಿ ಸುಮಾರು 4 ಆಂಪಿಯರ್, 35 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೆ ಖಾಲಿ. ತಾತ್ಕಾಲಿಕವಾಗಿ ಆ ತೂತಿಗೆ ಒಂದು ಸಣ್ಣ ಬೋಲ್ಟ್-ನಟ್ಟು ಬಿಗಿದರೆ ಮನೆ ಮುಟ್ಟಬಹುದು. ಗುಂಡಿ ಪುಣೆಯ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕೇಳಿ, ಪೂರ್ತಿ ಸ್ವಿಚ್ ತೆಗೆದುಕೊಳ್ಳಬೇಕಿಲ್ಲ.

ವಾಕಡ್_ಸವಾರ (ಪುಣೆ)

ಎಲ್ಲರಿಗೂ ಥ್ಯಾಂಕ್ಸ್. ಬಲಗಡೆ ಬಲ್ಬಿನ ಒಂದು ಚುಕ್ಕಿಗೆ ಓಮ್ ಬರಲೇ ಇಲ್ಲ, ದಪ್ಪ ಫಿಲಮೆಂಟ್ ತುಂಡು. ಹೊಸದು ಹಾಕಿದೆ, ಜೋರಾಗಿ ಉರಿಯುತ್ತೆ.

ಎಡಗಡೆ ಬಲ್ಬ್ ಹಾಕಿಟ್ಟು ಅಳೆದರೆ ಅರ್ಥಿಂಗ್ ಪಟ್ಟಿಯಲ್ಲಿ 7.9 ವೋಲ್ಟ್! ಪಾರ್ಕಿಂಗ್ ಹಾಕಿ ಬ್ರೇಕ್ ತುಳಿದರೆ ಟೇಲ್ ಇನ್ನೂ ಮಂಕಾಗಿದ್ದೂ ನಿಜ. ಬೋಲ್ಟ್ ಎಡಗಡೆ ಜ್ಯಾಕ್ ಇಡುವ ಜಾಗದ ಹಿಂದೆ ಇತ್ತು, ಉಂಗುರದ ತಳವೆಲ್ಲ ತುಕ್ಕು. ಬಿಚ್ಚಿ ತಿಕ್ಕಿ ಹಾಕಿದೆ. ಈಗ ಲೈಟ್ ಉರಿಯುತ್ತೆ, ಇಂಡಿಕೇಟರಿನ ಆಟವೂ ನಿಂತಿದೆ. ಆದರೆ ಬಲಗಡೆಯಷ್ಟು ಬೆಳಕಿಲ್ಲ. ಮೀಟರ್ ಇನ್ನೂ 1.4 ವೋಲ್ಟ್ ತೋರಿಸುತ್ತೆ. ಮತ್ತೆ ತಿಕ್ಕಲಾ?

ಡೊಂಬಿವಲಿ_ವೈರಿಂಗ್

ಬೋಲ್ಟನ್ನು ಬಿಡಿ, ಅದರ ಪಾಲಿನದು ಮುಗಿಯಿತು. ಈಗ ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ, ಬ್ರೇಕ್ ಒತ್ತಿಟ್ಟೇ. ಬಾಡಿ ತಗಡಿನಿಂದ ಉಂಗುರದವರೆಗೆ ಒಂದು ಸಲ. ಉಂಗುರದಿಂದ ಲ್ಯಾಂಪ್ ಕಪ್ಲರಿನ ಕಪ್ಪು ವೈರಿನವರೆಗೆ, ಕಪ್ಲರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ, ಒಂದು ಸಲ. ಆ ಸೂಜಿಯಿಂದ ಹೋಲ್ಡರಿನ ಪಟ್ಟಿಗೆ ಮತ್ತೊಂದು ಸಲ. ಮೂರೂ ಕೂಡಿದರೆ 1.4 ಆಗಬೇಕು. ಯಾವ ತುಂಡು ಹೆಚ್ಚು ತಿನ್ನುತ್ತದೋ ಕಳ್ಳ ಅಲ್ಲಿದ್ದಾನೆ.

ನನ್ನ ಅಂದಾಜು ಕಪ್ಲರಿನ ಅರ್ಥಿಂಗ್ ಪಿನ್ನು. ಆ ಲ್ಯಾಂಪಿನ ಎಲ್ಲ ಬಲ್ಬುಗಳ ಕರೆಂಟೂ ಆ ಒಂದೇ ಪಿನ್ನಿನಲ್ಲಿ ವಾಪಸು ಹೋಗುವುದು, ಹಾಗಾಗಿ ಮೊದಲು ಸೋಲುವುದೂ ಅದೇ. 1.3 ವೋಲ್ಟನ್ನು ಒಂದೂವರೆ ಆಂಪಿಯರಿಗೆ ಗುಣಿಸಿದರೆ ಸುಮಾರು 2 ವ್ಯಾಟ್ ಬಿಸಿ, ಅಕ್ಕಿಕಾಳಿನಷ್ಟು ಜಾಗದಲ್ಲಿ. ಕಪ್ಲರ್ ಬಿಚ್ಚಿ ನೋಡಿ, ಆ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿರಬೇಕು.

ವಾಸ್ಕೋದಿಂದ

ಕಂದು ಆಗಿದ್ರ ಬರೀ ಸ್ಪ್ರೇ ಹೊಡದು ಜೋಡಿಸಬ್ಯಾಡ್ರಿ. ಒಮ್ಮೆ ಕಾದು ಸಡಿಲಾದ ಹೆಣ್ಣು ಟರ್ಮಿನಲ್ ಮತ್ತ ಬಿಗಿ ಹಿಡಿಯಂಗಿಲ್ಲ, ಎರಡು ವಾರಕ್ಕ ಮತ್ತ ಅದ ಹಾಡು. ಸಣ್ಣ ಸ್ಕ್ರೂಡ್ರೈವರಿನಿಂದ ಲಾಕ್ ಎತ್ತಿ ಆ ಒಂದು ಪಿನ್ ಹಿಂದಕ್ಕ ಎಳೀರಿ, ಅದೇ ಅಳತಿ ಹೊಸ ಟರ್ಮಿನಲ್ ಕ್ರಿಂಪ್ ಮಾಡ್ರಿ. ಲ್ಯಾಂಪಿನ ಕಡೆ ಗಂಡು ಪಿನ್ ಕರಿ ಆಗಿದ್ರ ಹೋಲ್ಡರ್ ಪ್ಲೇಟ್ ಬೇರೆ ಸಿಗತೈತಿ, ಪೂರ್ತಿ ಟೇಲ್ ಲ್ಯಾಂಪ್ ಕೊಳ್ಳೋದು ಬ್ಯಾಡ. ಹೊಸದು ಸಿಗಲಿಲ್ಲಂದ್ರ ಮುಂಬೈ ಕಡೆಯವರಿಗೆ ಕುರ್ಲಾದಾಗ ಹಳೇ ಗಾಡಿ ಬಿಡಿಭಾಗ ಸಿಗತಾವ, ಕಪ್ಲರ್ ವೈರ್ ಸಮೇತ ಕತ್ತರಿಸಿಕೊಂಡು ಬರಬಹುದು.

ವಾಕಡ್_ಸವಾರ (ಪುಣೆ)

ತಗಡಿನಿಂದ ಉಂಗುರ 0.02, ಉಂಗುರದಿಂದ ಕಪ್ಲರ್ 0.06, ಕಪ್ಲರಿನಿಂದ ಪಟ್ಟಿ 1.32. ಕಪ್ಲರ್ ಬಿಚ್ಚಿದರೆ ಆರು ಪಿನ್ನುಗಳಲ್ಲಿ ಒಂದರ ಸುತ್ತ ಮಾತ್ರ ಚಹಾ ಚೆಲ್ಲಿದ ಹಾಗೆ ಕಂದು. ಗಂಡು ಪಿನ್ ಚೆನ್ನಾಗಿತ್ತು, ಹೆಣ್ಣು ಟರ್ಮಿನಲ್ ಒಂದನ್ನು ಬದಲಿಸಿದೆ. ಈಗ ಒಟ್ಟು 0.11 ವೋಲ್ಟ್. ಕತ್ತಲಲ್ಲಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಬ್ರೇಕ್ ತುಳಿದು ನೋಡಿದೆ, ಎರಡು ಕೆಂಪು ಕಲೆಗಳೂ ಒಂದೇ ಸಮ.

ಚಿಂಚವಡದವರು ಹೇಳಿದ ಹಾಗೆ ಸ್ವಿಚ್ಚನ್ನೂ ಅಳೆದೆ: 0.09. ಹಳೆಯದೇ ಇರುತ್ತೆ.